ದೂರದಿಂದ ನಾಡಿ ಹಿಡಿಯುವವರು

ಮನಸ್ಸಿನ ಬೇನೆಯನ್ನು ಆಲಿಸುವ ವಿದ್ಯೆ ಬರೀ ಪುಸ್ತಕ ಓದಿದರೆ ಬರುವಂಥದಲ್ಲ. ಕಲಿಯುವವರು ಬೇನೆಯವರ ಎದುರು ಕೂರಬೇಕು, ಕೇಳಬೇಕು. ಆಮೇಲೆ ತಾವು ಕೇಳಿದ್ದನ್ನು, ಆಡಿದ್ದನ್ನು, ಆಡದೆ ನುಂಗಿಕೊಂಡದ್ದನ್ನು ಬಲ್ಲವರೊಬ್ಬರ ಮುಂದೆ ಬಿಚ್ಚಿಡಬೇಕು. ಆ ಬಲ್ಲವರು, 'ಇಲ್ಲಿ ಅವಸರ ಮಾಡಿದಿ, ಇಲ್ಲಿ ಆಕಿ ಅಳುವಾಗ ಮಾತು ಬದಲಿಸಿದಿ, ಯಾಕ?' ಎಂದು ಕೇಳುತ್ತಾರೆ. ಇದಕ್ಕೆ ಸೂಪರ್‌ವಿಜನ್ ಎಂದು ಹೆಸರು. 2020ರ ಕೊರೋನಾ ಕಾಲದಿಂದ ಈಚೆಗೆ ಬಲ್ಲವರು ಒಂದೂರಲ್ಲಿ, ಕಲಿಯುವವರು ಇನ್ನೊಂದೂರಲ್ಲಿ ಕೂತು, ಫೋನಿನ ಗಾಜಿನೊಳಗೆ ಒಬ್ಬರ ಮುಖ ಒಬ್ಬರು ನೋಡುತ್ತ ಈ ಕೆಲಸ ನಡೆಸುವುದು ಹೆಚ್ಚು ರೂಢಿಗೆ ಬಂದಿದೆ. ಬೆಂಗಳೂರಲ್ಲಿ ಗುರು, ಹುಮನಾಬಾದಿನಲ್ಲಿ ಶಿಷ್ಯೆ ಎಂದಿಟ್ಟುಕೊಳ್ಳಿ. ನಡುವೆ ಏಳುನೂರು ಕಿಲೋಮೀಟರಿನ ಆಸುಪಾಸು. ಇದು ಸರಿಯೋ, ತಪ್ಪೋ? ತಂತ್ರಜ್ಞಾನದ ಪ್ರಶ್ನೆ ಎನ್ನುವವರು ಹಾಗೆನ್ನಲಿ. ನಮಗೆ ಇದು ನೀತಿಯ ಪ್ರಶ್ನೆ. ಯಾಕೆಂದರೆ 'ದೂರ' ಎಂಬ ಮಾತು ನಮಗೆ ಕಿಲೋಮೀಟರಿನ ಲೆಕ್ಕವಲ್ಲ. ಊರಿನಿಂದ ಕೇರಿಗೆ ನೂರು ಹೆಜ್ಜೆ. ಆ ನೂರು ಹೆಜ್ಜೆ ದಾಟಿ ಬರಲು ಊರಿಗೆ ಸಾವಿರ ವರ್ಷ ಸಾಕಾಗಲಿಲ್ಲ.

ಮೊದಲು ಆ ಹೆಸರಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಸೂಪರ್‌ವೈಸರ್ ಅಂದರೆ ಯಾರು? ರಸ್ತೆ ಕೆಲಸದಲ್ಲಿ ಬೇವಿನ ಗಿಡದ ನೆರಳಿಗೆ ನಿಂತು, ಬಿಸಿಲಿನಲ್ಲಿ ಖಡಿ ಹೊರುವವರ ಕೈ ಎಲ್ಲಿ ನಿಂತಿತು ಎಂದು ನೋಡುವವನು. ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ಹಿಡಿದವನು. ಕನ್ನಡದಲ್ಲಿ ಮೇಲ್ವಿಚಾರಣೆ ಎನ್ನುತ್ತಾರೆ. ಅದರಲ್ಲಿ 'ಮೇಲೆ' ಎಂಬುದೂ ಇದೆ, 'ವಿಚಾರಣೆ' ಎಂಬುದೂ ಇದೆ. ಎರಡೂ ನಮಗೆ ಹೊಸವಲ್ಲ, ಪೊಲೀಸ್ ಠಾಣೆಯಲ್ಲಿ ಒಟ್ಟಿಗೇ ಸಿಗುತ್ತವೆ. ಹೆಸರಿನಲ್ಲೇ ಇಷ್ಟು ಮೇಲು ಕೀಳು ತುಂಬಿಕೊಂಡ ಕೆಲಸ ನೋವಿನ ಮನೆಯೊಳಗೆ ಹೋಗುವಾಗ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಹೋಗುತ್ತದೆಯೇ ಎಂಬುದು ನಮ್ಮ ಅನುಮಾನ.

ಹಾಗಂತ ಈ ಕೆಲಸವೇ ಬೇಡ ಎನ್ನಲಾಗದು. ನೋವು ಕೇಳಲು ಕೂತವರು ತಮ್ಮ ಕಣ್ಣಿನ ಪೊರೆಯನ್ನು ತಾವೇ ಕಾಣಲಾರರು. ಒಬ್ಬ ಹೆಣ್ಣುಮಗಳು ಗಂಡನ ಹೊಡೆತದ ಮಾತು ತೆಗೆದಾಗ, ಕೇಳುವ ಹುಡುಗಿಗೆ ತನ್ನ ಅವ್ವನ ನೆನಪಾಗಿ, 'ಹೋಗ್ಲಿ ಬಿಡ್ರೀ ಅಕ್ಕಾ, ಮಕ್ಕಳ ಮಾರಿ ನೋಡ್ರೀ' ಎಂದು ಬಾಯಿ ಮುಚ್ಚಿಸಿಬಿಡಬಹುದು. ಕೆಟ್ಟ ಮನಸ್ಸಿನಿಂದಲ್ಲ, ತನಗೇ ತಡಕೊಳ್ಳಲಾಗದೆ. ಅದನ್ನು ತೋರಿಸಿಕೊಡಲು ಇನ್ನೊಬ್ಬರು ಬೇಕು. ಆದ್ದರಿಂದಲೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸಾ ಮನಃಶಾಸ್ತ್ರಜ್ಞರು ಯಾರು ಎಂದು ಹೇಳುವಾಗ, ಎರಡು ವರ್ಷದ ಪೂರ್ಣಾವಧಿ ಓದು, ಅದರೊಳಗೆ ಬಲ್ಲವರ ಉಸ್ತುವಾರಿಯಲ್ಲಿ ಪಡೆದ ತರಬೇತಿ ಇರಬೇಕು ಎಂದು ಬರೆದಿದೆ. ಈ ಓದು ಸಿಗುವುದು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ. ಅಲ್ಲಿ ಕಲಿಯುವಷ್ಟು ದಿನ ಗುರು ಪಕ್ಕದ ಕೋಣೆಯಲ್ಲೇ ಇರುತ್ತಾರೆ. ಮುಂದೆ? ಎಂ.ಎ. ಮುಗಿಸಿ ಊರಿಗೆ ಮರಳಿದ ಹುಡುಗಿ, ತಾಲೂಕು ಆಸ್ಪತ್ರೆಯಲ್ಲಿ ಸಮಾಲೋಚಕಿಯಾಗಿ ಕೂತವಳು, ಸಂಘಟನೆಯ ಕೆಲಸ ಮಾಡುತ್ತ ಜನರ ಕಣ್ಣೀರಿಗೆ ಕಿವಿ ಕೊಡುವವಳು, ಇವರು ಯಾರನ್ನು ಕೇಳಬೇಕು? ಬಸವಕಲ್ಯಾಣದಲ್ಲಿ ಕೂತು ಬೆಂಗಳೂರಿನವರನ್ನು ಕೇಳಬೇಕೆಂದರೆ ತಂತಿಯೇ ಗತಿ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಜನ ಒಂದಲ್ಲ ಒಂದು ಮನಸ್ಸಿನ ಬೇನೆಯಲ್ಲಿದ್ದರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಮುಟ್ಟಿರಲಿಲ್ಲ. ಮುಟ್ಟದವರು ಯಾರು, ಯಾವ ಓಣಿಯವರು ಎಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ತಂತಿಯನ್ನು ಹೀಗಳೆಯುವ ಹಕ್ಕೂ ನಮಗಿಲ್ಲ. ನಮ್ಮ ಜನ ಬದುಕಿರುವುದೇ ಅದರ ಮೇಲೆ. ಮಗ ಪುಣೆಯ ಬಿಲ್ಡಿಂಗಿನ ಆರನೇ ಮಾಳಿಗೆಯಲ್ಲಿ, ಸೊಸೆ ಹೈದರಾಬಾದಿನಲ್ಲಿ, ಅವ್ವ ಹುಮನಾಬಾದಿನ ಗುಡಿಸಲಲ್ಲಿ. ಜಗಳ, ಲಗ್ನದ ಮಾತು, ಸಾವಿನ ಸುದ್ದಿ ಎಲ್ಲ ಫೋನಿನಲ್ಲೇ. ಬಸವಕಲ್ಯಾಣದ ಟ್ರಕ್ಕಿನವರ ಹೆಂಡಂದಿರನ್ನು ಕೇಳಿರಿ, ಗಂಡನ ದನಿಯಲ್ಲಿ ಕುಡಿತ ಎಷ್ಟಿದೆ, ನಿದ್ದೆ ಎಷ್ಟು ಕೆಟ್ಟಿದೆ ಎಂದು 'ಹಲೋ' ಎಂಬ ಒಂದೇ ಮಾತಿನಿಂದ ಹೇಳುತ್ತಾರೆ. ದೂರದಿಂದ ನಾಡಿ ಹಿಡಿಯುವುದು ಅವರಿಂದ ಕಲಿಯಬೇಕು. ಆದ್ದರಿಂದ ತಂತಿಯ ಮೂಲಕ ನೋವು ದಾಟಲಾರದು ಎಂಬ ಪಂಡಿತರ ಮಾತನ್ನು ನಾವು ಒಪ್ಪುವುದಿಲ್ಲ. ಕಿವಿ ಇದ್ದವರಿಗೆ ದಾಟುತ್ತದೆ.

ಹಾಗಾದರೆ ತಕರಾರು ಎಲ್ಲಿದೆ? ಅದಕ್ಕೆ ಒಂದು ಹಳೆಯ ಸಂಗತಿಯನ್ನು ನೆನೆಯಬೇಕು. 1929ರ ಡಿಸೆಂಬರ್ 12ರ 'ಯಂಗ್ ಇಂಡಿಯಾ' ಪತ್ರಿಕೆಯಲ್ಲಿ ಕಾಠಿಯಾವಾಡದ ಅಸ್ಪೃಶ್ಯ ಶಾಲಾಮಾಸ್ತರರೊಬ್ಬರ ಕಾಗದ ಅಚ್ಚಾಗಿತ್ತು. ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ' ಎಂಬ ತಮ್ಮ ಬರಹದಲ್ಲಿ ಅದನ್ನು ಎತ್ತಿಕೊಟ್ಟಿದ್ದಾರೆ. ಮಾಸ್ತರರ ಹೆಂಡತಿ ಹಡೆದು ಎರಡು ದಿನಕ್ಕೆ ಕಾಯಿಲೆ ಬಿದ್ದಳು. ವೈದ್ಯ ಕೇರಿಗೆ ಬರಲಾರೆ ಎಂದ. ಊರ ಸಾಹುಕಾರನ ಕೈಕಾಲು ಹಿಡಿದು, ಎರಡು ರೂಪಾಯಿ ಫೀಜಿಗೆ ಆತನಿಂದ ಜಾಮೀನು ಹಾಕಿಸಿದ ಮೇಲೆ ಬಂದ. ಆದರೆ ಒಂದು ಕರಾರು: ರೋಗಿಯನ್ನು ಕೇರಿಯ ಹೊರಗೆ ತಂದು ಮಲಗಿಸಬೇಕು. ಎರಡು ದಿನದ ಬಾಣಂತಿಯನ್ನು, ಕೂಸನ್ನು ಹೊರಗೆ ಹೊತ್ತು ತಂದರು. ವೈದ್ಯ ಥರ್ಮಾಮೀಟರು ತೆಗೆದು ಒಬ್ಬ ಮುಸಲ್ಮಾನರ ಕೈಗೆ ಕೊಟ್ಟ, ಅವರು ಮಾಸ್ತರರ ಕೈಗೆ, ಮಾಸ್ತರರು ಹೆಂಡತಿಗೆ. ಬಂದ ದಾರಿಯಲ್ಲೇ ಅದು ಮರಳಿ ವೈದ್ಯನ ಕೈ ಸೇರಿತು. ರಾತ್ರಿ ಎಂಟರ ಹೊತ್ತು. ದೀಪದ ಬೆಳಕಿಗೆ ಹಿಡಿದು ನೋಡಿ, ನ್ಯುಮೋನಿಯಾ ಎಂದ, ಹೋದ. ಔಷಧಿ ಕಳಿಸಿದ. ಮತ್ತೆ ಕರೆದರೆ ಬರಲಿಲ್ಲ. ಆಕೆ ಸತ್ತಳು.

ಈ ಸಂಗತಿಯಲ್ಲಿ ಕಡಿಮೆ ಇದ್ದದ್ದೇನು ಎಂದು ನಿಧಾನಕ್ಕೆ ನೋಡಬೇಕು. ವೈದ್ಯನಿಗೂ ಆಕೆಗೂ ನಡುವೆ ಒಂದು ಕೂಗಿನ ದೂರವೂ ಇರಲಿಲ್ಲ. ಉಪಕರಣ ಸುಳ್ಳು ಹೇಳಲಿಲ್ಲ. ರೋಗದ ಹೆಸರು ಹೇಳಿದ್ದಾಯಿತು, ಮದ್ದೂ ಬಂತು, ಫೀಜೂ ಸಂದಿತು. ಕಾಗದದ ಮೇಲೆ ಎಲ್ಲ ಸರಿ. ಅಂದಮೇಲೆ ಅಲ್ಲಿ ಕೇಡು ದೂರದಲ್ಲಿರಲಿಲ್ಲ, ದೂರವನ್ನು ಯಾರು ಯಾತಕ್ಕೆ ಇಟ್ಟರು ಎಂಬುದರಲ್ಲಿತ್ತು. ಆಕೆಯ ಮೈಯ ಬಿಸಿ ಅಂಕಿಯಾಗಿ ಅವನಿಗೆ ತಲುಪಬೇಕು, ಬಿಸಿಯಾಗಿ ತಲುಪಬಾರದು. ಅದಕ್ಕಾಗಿ ನಡುವೆ ಎರಡು ಕೈ. ಇಂದು ಫೋನು ಹಿಡಿದ ಗುರುವಿಗೂ ನಮ್ಮ ಕೇರಿಯ ನೋವಿಗೂ ನಡುವೆ ಕೂತ ಶಿಷ್ಯೆ ಆ ಎರಡು ಕೈಗಳ ಹಾಗೆ ಆಗಿಬಿಟ್ಟರೆ? ಅಲ್ಲಿಂದ ಪ್ರಶ್ನಾವಳಿ ಬರುತ್ತದೆ, ಇವಳು ತುಂಬಿಸಿ ಅಂಕಿ ಕಳಿಸುತ್ತಾಳೆ, ಅಲ್ಲಿಂದ ರೋಗದ ಹೆಸರು ಬರುತ್ತದೆ. ಮುಟ್ಟಿದವರು ಯಾರೂ ಇಲ್ಲ.

ಹೀಗೆಂದಾಗ ಒಂದು ಎದುರು ಮಾತು ಬರುತ್ತದೆ. ಮನಸ್ಸಿನ ವೈದ್ಯರು ದೂರ ಉಳಿಯಲೇಬೇಕು, ಇಲ್ಲದಿದ್ದರೆ ರೋಗಿಯ ದುಃಖದಲ್ಲಿ ತಾವೂ ಮುಳುಗಿ ಹೋಗುತ್ತಾರೆ ಎಂದು. ನಿಜ. ಬಾವಿಗೆ ಬಿದ್ದವರನ್ನು ಎತ್ತಲು ತಾನೂ ಜಿಗಿದವನಿಂದ ಉಪಯೋಗವಿಲ್ಲ, ದಡದಲ್ಲಿ ಕಾಲೂರಿ ಹಗ್ಗ ಹಿಡಿಯಬೇಕು. ಆದರೆ ಹಗ್ಗ ಹಿಡಿದವನ ಅಂಗೈ ಸುಲಿಯುತ್ತದೆ. ಅದು ಬಿದ್ದವರಿಗಾಗಿ ಇಟ್ಟುಕೊಂಡ ದೂರ. ಕಾಠಿಯಾವಾಡದ ವೈದ್ಯ ಇಟ್ಟುಕೊಂಡದ್ದು ತನಗಾಗಿ. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆದ್ದರಿಂದ ಯಾವ ದೂರದ ಉಸ್ತುವಾರಿಯನ್ನಾದರೂ ನಾವು ಎರಡು ಪ್ರಶ್ನೆಯಿಂದ ಅಳೆಯಬೇಕಾಗುತ್ತದೆ. ಈ ದೂರ ಯಾರ ಅನುಕೂಲಕ್ಕೆ ಉಂಟಾದದ್ದು? ಈ ಕಡೆಯ ನೋವಿನಿಂದ ಆ ಕಡೆ ಕೂತವರಲ್ಲಿ ಏನಾದರೂ ಬದಲಾಗುತ್ತದೆಯೇ, ಅಥವಾ ಬದಲಾಗುವುದೆಲ್ಲ ಈ ಕಡೆಯವರೇ ಏನು?

ದೂರದಿಂದ ಮಾರ್ಗದರ್ಶನ ಮಾಡುವುದು ಮೊಬೈಲು ಬಂದ ಮೇಲೆ ಹುಟ್ಟಿದ್ದಲ್ಲ. 1909ರಲ್ಲಿ ಫ್ರಾಯ್ಡ್ ಅಚ್ಚು ಹಾಕಿಸಿದ ಒಂದು ಹೆಸರಾಂತ ಪ್ರಕರಣವಿದೆ. ಐದು ವರ್ಷದ ಹುಡುಗ, ಕುದುರೆ ಕಂಡರೆ ಭಯ. ಅವನ ಮಾತನ್ನೆಲ್ಲ ಕೇಳಿದ್ದು, ಬರೆದುಕೊಂಡದ್ದು, ಫ್ರಾಯ್ಡ್‌ಗೆ ಕಳಿಸಿದ್ದು ಹುಡುಗನ ಅಪ್ಪ. ಚಿಕಿತ್ಸೆಗೆಂದು ಫ್ರಾಯ್ಡ್ ಹುಡುಗನೊಡನೆ ಮಾತಾಡಿದ್ದು ಒಂದೇ ಸಲ. ಉಳಿದದ್ದೆಲ್ಲ ಅಪ್ಪನ ಬರಹದಿಂದ. ಆ ಹುಡುಗನ ಒಳಭಯ ಅಪ್ಪನ ಬಗೆಗಿನದು ಎಂದು ಕೊನೆಗೆ ತೀರ್ಮಾನವಾಯಿತು! ಯಾರ ಭಯವೋ ಅವರ ಕೈಯಿಂದಲೇ ಭಯದ ವರದಿ ಬರೆಸಿದ ಹಾಗೆ. ಹುಡುಗ ಏನನ್ನು ಹೇಳದೆ ಉಳಿಸಿಕೊಂಡ ಎಂದು ಕೇಳುವವರು ಯಾರಿದ್ದರು? ನಮ್ಮಲ್ಲಿ ಗೌಡರ ಮನೆಯ ಓದಿದ ಹುಡುಗ ಕೇರಿಗೆ ಬಂದು ಜೀತದವನ ಮನಸ್ಸಿನ ವರದಿ ಬರೆದು ಬೆಂಗಳೂರಿಗೆ ಕಳಿಸಿದರೆ ಇದೇ ಆಗುತ್ತದೆ.

ಇನ್ನೊಂದು ಪ್ರಕರಣ ಇದಕ್ಕಿಂತ ಮೇಲು. ಕಲ್ಕತ್ತೆಯ ಗಿರೀಂದ್ರಶೇಖರ ಬೋಸ್ 1921ರಿಂದ ಫ್ರಾಯ್ಡ್‌ಗೆ ಕಾಗದ ಬರೆಯತೊಡಗಿದರು. 1922ರಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಇಬ್ಬರೂ ಜನ್ಮದಲ್ಲಿ ಒಬ್ಬರನ್ನೊಬ್ಬರು ಕಾಣಲಿಲ್ಲ. ಆದರೆ ಬೋಸ್ ಬರೀ ಅಪ್ಪಣೆ ಕೇಳುವ ಶಿಷ್ಯನಾಗಲಿಲ್ಲ. ನಮ್ಮ ರೋಗಿಗಳಲ್ಲಿ ನಾನು ಕಂಡದ್ದು ನಿಮ್ಮ ಸಿದ್ಧಾಂತಕ್ಕೆ ಪೂರಾ ಹೊಂದುವುದಿಲ್ಲ ಎಂದು ತಿರುಗಿ ವಾದಿಸಿದರು. ಆಳುವವರ ಖಂಡದಲ್ಲಿ ಗುರು, ಗುಲಾಮರ ದೇಶದಲ್ಲಿ ಶಿಷ್ಯ. ಆದರೂ ಶಿಷ್ಯನ ಲೇಖನಿ ಬಗ್ಗಲಿಲ್ಲ. (ಬೋಸರ ಮಂಚದ ಮೇಲೆ ಮಲಗಿದವರು ಬಹುಪಾಲು ಕಲ್ಕತ್ತೆಯ ಭದ್ರಲೋಕದವರು ಎಂಬುದನ್ನು ಮರೆಯುವ ಹಾಗಿಲ್ಲ. ಅವರ ಮಲ ಹೊತ್ತವರ ಕನಸನ್ನು ಅಲ್ಲಿ ಯಾರು ಕೇಳಿದರು?) ದೂರವಿದ್ದರೂ ಉಸ್ತುವಾರಿ ಪೂಜೆಯಾಗದೆ ಉಳಿಯಬೇಕಾದರೆ ಈ ತಿರುಗಿ ಮಾತಾಡುವ ಸ್ವಾತಂತ್ರ್ಯ ಬೇಕು.

ಅದು ನಮ್ಮ ಹುಡುಗಿಗೆ ಉಂಟೇ? ಒಂದು ಸಂದರ್ಭ ಇಟ್ಟುಕೊಳ್ಳಿ. ಬಸವಕಲ್ಯಾಣದಲ್ಲಿ ಡಿಗ್ರಿ ಓದುವ ಕೇರಿಯ ಹುಡುಗನೊಬ್ಬ ಅವಳ ಮುಂದೆ ಕೂತು ಹೇಳುತ್ತಾನೆ: 'ಕ್ಲಾಸಿನ್ಯಾಗ ಕಾಲಿಟ್ಟರ ಸಾಕ್ರೀ, ಎಲ್ಲಾರು ನನ್ನೇ ನೋಡ್ಲತ್ತಾರ ಅನಸ್ತದ. ಎದ್ಯಾಗ ಕಲ್ಲ ಇಟ್ಟಂಗ ಆಗ್ತದ. ರಾತ್ರಿ ನಿದ್ದಿ ಹತ್ತವಲ್ದು. ಜೀವ ಘಾಬರಿ ಘಾಬರಿ.' ಅವಳು ಇದನ್ನು ಇಂಗ್ಲಿಷಿಗೆ ಇಳಿಸಿ ಗುರುವಿಗೆ ಹೇಳುತ್ತಾಳೆ. ಎದೆಯ ಕಲ್ಲು ಒಂದು ಲಕ್ಷಣವಾಗುತ್ತದೆ, ಘಾಬರಿ 'ಆಂಗ್ಸೈಟಿ' ಆಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ರೂಪಿಸಿದ ಚಿಕಿತ್ಸಾ ಪದ್ಧತಿ ಇಂದು ಎಲ್ಲ ಕಡೆ ಕಲಿಸುವಂಥದು. ಅದರಲ್ಲಿ ರೋಗಿಯ ಕಳವಳದ ಯೋಚನೆಯನ್ನು ಹಿಡಿದು, ಇದಕ್ಕೆ ಸಾಕ್ಷಿ ಏನಿದೆ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಎಷ್ಟೋ ಜನರನ್ನು ಬದುಕಿಸಿದ ಪ್ರಶ್ನೆ. ಗುರು ಹೇಳುತ್ತಾರೆ, 'ಎಲ್ಲರೂ ತನ್ನನ್ನೇ ನೋಡುತ್ತಾರೆ ಎಂಬುದು ಅವನ ತಪ್ಪು ಗ್ರಹಿಕೆ, ಸಾಕ್ಷಿ ಕೇಳು' ಎಂದು. ಹುಡುಗಿ ಕೇಳುತ್ತಾಳೆ. ಹುಡುಗ ಸಾಕ್ಷಿ ಕೊಡುತ್ತಾನೆ! ಸ್ಕಾಲರ್‌ಶಿಪ್ಪಿನ ಪಟ್ಟಿ ಓದುವಾಗ ಹಿಂದಿನ ಬೆಂಚಿನಲ್ಲಿ ಎದ್ದ ನಗು, ಬಾಡಿಗೆ ಕೋಣೆಗೆ ಹೋದಾಗ ಅಡ್ಡಹೆಸರು ಕೇಳಿ 'ಖಾಲಿ ಇಲ್ಲಪ್ಪ' ಎಂದ ಮನೆಯೊಡತಿ, ಊರ ಹೋಟೆಲಿನಲ್ಲಿ ಅವನಿಗೆ ಮಾತ್ರ ಬಂದ ಕಾಗದದ ಲೋಟ. ಈಗ ಯಾರ ಗ್ರಹಿಕೆ ತಪ್ಪು? ಹುಡುಗನಿಗೆ ನಿಜಕ್ಕೂ ಬೇನೆ ಇದೆ, ನಿದ್ದೆ ಇಲ್ಲ, ಅದಕ್ಕೆ ಚಿಕಿತ್ಸೆ ಬೇಕು. ಆದರೆ ಅವನು ಕಂಡದ್ದು ಭ್ರಮೆಯಲ್ಲ. ಇವೆರಡನ್ನೂ ಒಟ್ಟಿಗೆ ಹಿಡಿಯಬಲ್ಲವಳು ನಡುವೆ ಕೂತ ಆ ಹುಡುಗಿ ಮಾತ್ರ, ಯಾಕೆಂದರೆ ಆ ಕಾಗದದ ಲೋಟದಲ್ಲಿ ಅವಳೂ ಚಹಾ ಕುಡಿದವಳು.

ಅವಳು ಅದನ್ನು ಗುರುವಿಗೆ ಹೇಳುತ್ತಾಳೆಯೇ? ಅವಳ ತರಬೇತಿಯ ತಾಸುಗಳಿಗೆ ಸಹಿ ಹಾಕುವವರು ಅವರು. ಪ್ರಮಾಣಪತ್ರ ಅವರ ಕೈಯಲ್ಲಿ. ಆ ಕಡೆಯಿಂದ 'ನೀನು ರೋಗಿಯ ಜೊತೆ ಅತಿಯಾಗಿ ಬೆರೆತುಬಿಟ್ಟಿದ್ದೀಯ, ನಿನ್ನ ಜಾತಿಯ ನೋವನ್ನು ಅವನ ಮೇಲೆ ಹೇರುತ್ತಿದ್ದೀಯ' ಎಂಬ ಒಂದು ಮಾತು ಬಂದರೆ ಮುಗಿಯಿತು. ಹಾಗೆ ಹೇರುವುದು ಆಗದ ಕೆಲಸವೂ ಅಲ್ಲ, ಅದನ್ನು ನೋಡಿಕೊಳ್ಳಲೆಂದೇ ಉಸ್ತುವಾರಿ ಇರುವುದು. ಆದರೆ ಮೇಲ್ಜಾತಿಯ ಶಿಷ್ಯ ತನ್ನ ಜಾತಿಯ ಸುಖವನ್ನು ರೋಗಿಯ ಮೇಲೆ ಹೇರಿದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೆ ತಟಸ್ಥ ನಿಲುವು ಎಂದು ಹೆಸರು. ಇದು ಬರೀ ಊಹೆಯ ಮಾತು ಎನ್ನುವವರು 2016ರ ಜನವರಿಯಲ್ಲಿ ನಮಗೆ ಹತ್ತಿರದ ಹೈದರಾಬಾದಿನಲ್ಲಿ ರೋಹಿತ್ ವೇಮುಲ ಹೋದದ್ದನ್ನು ನೆನೆಯಲಿ. 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ವೈದ್ಯಕೀಯ ಸ್ನಾತಕೋತ್ತರ ಓದುತ್ತಿದ್ದ ಆದಿವಾಸಿ ಹೆಣ್ಣುಮಗಳು ಪಾಯಲ್ ತಡವಿ ಜೀವ ಕಳೆದುಕೊಂಡದ್ದನ್ನು, ಹಿರಿಯ ವೈದ್ಯೆಯರ ಮೇಲೆ ಜಾತಿ ಕಿರುಕುಳದ ಆರೋಪ ಬಂದು ಮೊಕದ್ದಮೆ ಆದದ್ದನ್ನು ನೆನೆಯಲಿ. ಕಲಿಸುವವರಿಗೂ ಕಲಿಯುವವರಿಗೂ ನಡುವಿನ ಜಾಗ ಬಯಲಲ್ಲ. ಅಲ್ಲಿಯೂ ಬೇಲಿಗಳಿವೆ.

ಇಲ್ಲಿ ಒಂದು ವಿಚಿತ್ರ. ತಂತಿಯ ದೂರ ಕೆಲವೊಮ್ಮೆ ಶಿಷ್ಯೆಗೆ ಧೈರ್ಯವನ್ನೂ ಕೊಡಬಹುದು. ಗುರುವಿನ ಕ್ಯಾಬಿನ್ನಿನಲ್ಲಿ ಕುರ್ಚಿಯ ತುದಿಗೆ ಕೂತು ಆಡಲಾಗದ ಮಾತನ್ನು ತನ್ನ ಓಣಿಯಲ್ಲಿ, ತನ್ನ ನೆಲದ ಮೇಲೆ ಕೂತು ಆಡಬಹುದು. ಅಲ್ಲಿ ಅವಳು ಹೊರಗಿನವಳಲ್ಲ, ಆ ಗಾಜಿನೊಳಗಿನ ಗುರುವೇ ಪರಊರಿನವರು. 'ಮೇಡಂ, ನಮ್ಮ ಕಡೆ ಹಂಗಿಲ್ರೀ' ಎಂಬ ಒಂದು ಮಾತು ಏಳುನೂರು ಕಿಲೋಮೀಟರಿನ ಆಚೆಗೆ ಹೇಳುವುದು ಸುಲಭ. ಹಾಗೆಯೇ ಸುಮ್ಮನಿರುವುದೂ ಸುಲಭ. ನೆಟ್‌ವರ್ಕ್ ಹೋಯಿತು ಎಂದರೆ ಆಯಿತು.

ಕಲ್ಯಾಣದ ನೆಲದಲ್ಲಿ ನಿಂತು ಈ ಮಾತನಾಡುವಾಗ ಅನುಭವ ಮಂಟಪ ನೆನಪಾಗದೆ ಇರದು. 2021ರ ಜನವರಿಯಲ್ಲಿ ಬಸವಕಲ್ಯಾಣದಲ್ಲಿ ಸುಮಾರು ಐದುನೂರು ಕೋಟಿ ರೂಪಾಯಿಯ ಅಂದಾಜಿನ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಹಾಕಿದರು. ನಮ್ಮ ಮಾತು ಕಂಬಗಳ ಬಗ್ಗೆ ಅಲ್ಲ. ಶರಣರು ನಡೆಸಿದ ಸಂವಾದವೆಂದು ನಾವು ಓದುವುದು ಬಹುಮಟ್ಟಿಗೆ 15ನೇ ಶತಮಾನದಲ್ಲಿ ಜೋಡಿಸಿದ ಶೂನ್ಯಸಂಪಾದನೆಗಳಿಂದ. ಘಟನೆ ನಡೆದು ಮುನ್ನೂರು ವರ್ಷದ ಮೇಲೆ ಕಟ್ಟಿದ ಕಥನ ಅದು, ಹಾಗೆಯೇ ಓದಬೇಕು. ಆದರೂ ಅದರಲ್ಲಿ ಮುಕ್ತಾಯಕ್ಕನ ಪ್ರಸಂಗವೊಂದಿದೆ. ಅಣ್ಣ ಅಜಗಣ್ಣ ಸತ್ತ ದುಃಖದಲ್ಲಿ ಅವಳು ಕೂತಿದ್ದಾಳೆ. ಅಲ್ಲಮ ಅವಳಿರುವಲ್ಲಿಗೆ ಬರುತ್ತಾನೆ. ಬಂದವನು ಸಮಾಧಾನದ ಗುಳಿಗೆ ಕೊಡುವುದಿಲ್ಲ, ಪ್ರಶ್ನೆ ಹಾಕುತ್ತಾನೆ. ಅವಳೂ ಬಿಡುವುದಿಲ್ಲ. ಆಡುವ ಮಾತಿಗೂ ಇರುವ ಸ್ಥಿತಿಗೂ ತಾಳೆ ಇದೆಯೇ ಎಂದು ಅವನನ್ನೇ ಹಿಡಿದು ಜಗ್ಗುತ್ತಾಳೆ. ದುಃಖದಲ್ಲಿದ್ದವಳು ಬಲ್ಲವನ ವಿಚಾರಣೆ ಮಾಡುತ್ತಾಳೆ! ನಾವು ಹುಡುಕುತ್ತಿರುವ ಉಸ್ತುವಾರಿ ಇದೇ. ಮೇಲಿನಿಂದ ಕೆಳಗೆ ಮಾತ್ರ ಹರಿಯದ ವಿಚಾರಣೆ. ಮತ್ತು ಗಮನಿಸಿ, ಅಲ್ಲಮ ಅವಳಿರುವಲ್ಲಿಗೆ ನಡೆದು ಬಂದ. ಅವಳನ್ನು ಊರ ಹೊರಗೆ ತಂದು ಮಲಗಿಸಿ ಎನ್ನಲಿಲ್ಲ.

ಹತ್ತಿರ ಕೂತರೆ ಎಲ್ಲ ನೆಟ್ಟಗಾಗುತ್ತದೆ ಎಂದೂ ತಿಳಿಯಬೇಡಿ. ಅದೇ ಕಲ್ಯಾಣದಲ್ಲಿ ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸ ಒಂದೇ ನೆಲದ ಮೇಲೆ ಕೂತರು. ಕೂತು ಮಾತಾಡಿದ್ದಷ್ಟೇ ಆಗಿದ್ದರೆ ಬಿಜ್ಜಳನ ಅರಮನೆ ಸಹಿಸಿಕೊಳ್ಳುತ್ತಿತ್ತೇನೋ. ಇವನ ಮಗನಿಗೆ ಅವನ ಮಗಳನ್ನು ಕೊಟ್ಟು ಲಗ್ನ ಮಾಡಿದ ದಿನ ಇಬ್ಬರನ್ನೂ ಎಳೆಸಿ ಕೊಂದರು ಎಂದು ಪರಂಪರೆ ಹೇಳುತ್ತದೆ. ಇಂದಿಗೂ ಬಸವಕಲ್ಯಾಣದಲ್ಲಿ ಹರಳಯ್ಯನ ಗವಿ ಇದೆ. ಸಂವಾದಕ್ಕೆ ಜಾಗ ಕೊಡುವ ವ್ಯವಸ್ಥೆ, ಸಂವಾದದಿಂದ ಏನಾದರೂ ಆಗತೊಡಗಿದಾಗ ಹಲ್ಲು ತೋರಿಸುತ್ತದೆ. ಕೇರಿಯ ಹುಡುಗ ನಿದ್ದೆಗುಳಿಗೆ ತಗೊಂಡು ಸುಮ್ಮನಾದರೆ ಯಾರಿಗೂ ತೊಂದರೆಯಿಲ್ಲ. ಅವನು ಚೇತರಿಸಿಕೊಂಡು ಹೋಟೆಲಿನವನ ಮೇಲೆ ದೂರು ಕೊಟ್ಟರೆ? ಆಗ ದೂರದ ಗುರು ಏನನ್ನುತ್ತಾರೆ? ಇದು ಚಿಕಿತ್ಸೆಯ ವ್ಯಾಪ್ತಿಗೆ ಬರುವುದಿಲ್ಲ ಎನ್ನುತ್ತಾರೋ, ದೂರು ಕೊಡುವ ಬಲ ಬಂದದ್ದೇ ಗುಣದ ಗುರುತು ಎನ್ನುತ್ತಾರೋ?

ನಮ್ಮ ರಾಜ್ಯದಲ್ಲಿ ಗುರುಗಳೇ ಬಸ್ಸು ಹತ್ತಿದ ಕಾಲವೂ ಇತ್ತು. 1974ರಲ್ಲಿ ನಿಮ್ಹಾನ್ಸ್ ಆದ ಸ್ವಲ್ಪ ಕಾಲಕ್ಕೇ ಅದರ ಸಮುದಾಯ ಘಟಕ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಹಳ್ಳಿಯ ಜನರ ನಡುವೆ ಕೆಲಸ ಶುರು ಮಾಡಿತು. 1980ರ ದಶಕದ ನಡುವೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಜಿಲ್ಲೆಯಲ್ಲೇ ನಿಂತು ನೋಡಿಕೊಂಡರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಆ ಸಂಸ್ಥೆಯ ಸಿ.ಆರ್. ಚಂದ್ರಶೇಖರ್ ಅವರಂಥವರು ಕನ್ನಡದಲ್ಲಿ ಬರೆದ ಸಣ್ಣ ಪುಸ್ತಕಗಳು ಹಳ್ಳಿಯ ಎಷ್ಟೋ ಮಾಸ್ತರರ ಕಪಾಟಿನಲ್ಲಿವೆ. ಆಮೇಲೆ 2018ರಲ್ಲಿ ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿ ಬಂತು, ದೂರದಿಂದ ಪಾಠ, ದೂರದಿಂದ ಪ್ರಕರಣ ಚರ್ಚೆ. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಯಾರು ಬೇಕಾದರೂ ಫೋನು ಹಚ್ಚಬಹುದು, ಕನ್ನಡದಲ್ಲೇ ಮಾತಾಡಬಹುದು. ಇವೆಲ್ಲ ಒಳ್ಳೆಯ ಕೆಲಸಗಳು, ಬೇಡವೆನ್ನುವವರು ರಾತ್ರಿ ಎರಡು ಗಂಟೆಗೆ ಜೀವ ಬೇಸತ್ತು ಕೂತವರ ಮುಂದೆ ಹೋಗಿ ಬೇಡವೆನ್ನಲಿ.

ಆದರೆ ನಮ್ಮ ಹೆದರಿಕೆ ಬೇರೆ. ಬೀದರ ಜಿಲ್ಲೆ 1956ರವರೆಗೆ ಹೈದರಾಬಾದ್ ಸಂಸ್ಥಾನ, ರಾಜ್ಯಗಳಲ್ಲಿದ್ದು, ಆಮೇಲೆ ಕನ್ನಡ ನಾಡಿಗೆ ಸೇರಿ ಅದರ ತುದಿಗೆ ಬಿದ್ದದ್ದು. ನಮ್ಮ ಪಾಲು ಕೇಳಿ ಕೇಳಿ 2002ರಲ್ಲಿ ನಂಜುಂಡಪ್ಪ ವರದಿ ಬಂತು, ಹತ್ತು ವರ್ಷದ ಮೇಲೆ ಸಂವಿಧಾನಕ್ಕೆ 371(ಜೆ) ಸೇರಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಹೆಸರು ಬದಲಾಯಿಸಲು ಖರ್ಚು ಕಡಿಮೆ. ಹುದ್ದೆ ತುಂಬಲು ಖರ್ಚು ಬಹಳ. ಇಂಥ ಕಡೆ ತಂತಿ ಎಳೆದ ಮರುದಿನವೇ ಆಳುವವರು, 'ಫೋನಿನ್ಯಾಗ ಸಿಗ್ತಾರಲ್ಲ, ಮನಷ್ಯಾ ಯಾಕ ಬೇಕು?' ಎನ್ನದೆ ಬಿಡುತ್ತಾರೆಯೇ? ಕೊರೋನಾ ಕಾಲದಲ್ಲಿ ಪಾಠ ಫೋನಿಗೆ ಹೋಯಿತು, ಫೋನಿಲ್ಲದ ಮಕ್ಕಳು ಹೊಲಕ್ಕೆ ಹೋದರು. ತಾತ್ಪೂರ್ತಿಕ ಎಂದು ಬಂದದ್ದು ನಮ್ಮ ಕಡೆ ಕಾಯಂ ಆಗುವ ರೀತಿ ಶಿಕ್ಷಕ ಮಿತ್ರರಿಗೆ ಗೊತ್ತು. ದಾರಿ ಇಲ್ಲದ್ದಕ್ಕೆ ಬಂದ ದೂರ ಒಂದು, ದಾರಿ ಮಾಡಬಾರದೆಂದು ಇಟ್ಟ ದೂರ ಇನ್ನೊಂದು. ಮೊದಲನೆಯದಕ್ಕೆ ತಂತಿ ಸೇತುವೆ, ಎರಡನೆಯದಕ್ಕೆ ಅದೇ ತಂತಿ ಬೇಲಿ. ಆದ್ದರಿಂದ ತಂತಿಯ ಉಸ್ತುವಾರಿ ನಡೆಸುವ ಸಂಸ್ಥೆಗಳು ವರ್ಷಕ್ಕೆ ಇಷ್ಟು ಸಲ ಗುರುಗಳು ಖುದ್ದಾಗಿ ಹುಮನಾಬಾದಿಗೆ, ಬಸವಕಲ್ಯಾಣಕ್ಕೆ ಬರುತ್ತಾರೆ, ಕೇರಿಯಲ್ಲಿ ಕೂತು ಒಂದು ಹೊತ್ತು ಉಣ್ಣುತ್ತಾರೆ ಎಂದು ಬರೆದುಕೊಡಬೇಕು. ಉಣ್ಣುವ ಮಾತನ್ನು ನಾವು ತಮಾಷೆಗೆ ಹೇಳುತ್ತಿಲ್ಲ. ಆ ಗುರುಗಳ ಪಟ್ಟಿಯಲ್ಲಿ ಕೇರಿಯಿಂದ ಬಂದವರು ಎಷ್ಟು ಮಂದಿ ಎಂದೂ ಬರೆದುಕೊಡಬೇಕು.

ಇನ್ನು ಬೇನೆಯವರ ಮಾತು. ಅವರನ್ನು ಬಿಟ್ಟು ಗುರು ಶಿಷ್ಯರ ಬಗ್ಗೆಯೇ ಇಷ್ಟು ಹೊತ್ತು ಮಾತಾಡಿದೆವು, ಈ ವಿದ್ಯೆಯೂ ಬಹಳ ಸಲ ಹಾಗೇ ಮಾಡುತ್ತದೆ. ತನ್ನ ಅಳು ಹುಮನಾಬಾದಿನ ಕೋಣೆ ದಾಟಿ ಬೆಂಗಳೂರಿನ ಯಾರದೋ ಕಿವಿಗೆ ಹೋಗುತ್ತದೆ ಎಂದು ಆ ಹೆಣ್ಣುಮಗಳಿಗೆ ಹೇಳಿದ್ದಾರೆಯೇ? ಇಂಗ್ಲಿಷ್ ಫಾರಮ್ಮಿನ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆಯಲ್ಲ. ಹೆಬ್ಬೆಟ್ಟಿನಿಂದ ಹೊಲ ಕಳಕೊಂಡವರ ಮೊಮ್ಮಕ್ಕಳು ನಾವು. ಆಕೆಯ ಮಾತಿನಲ್ಲಿ, ಕನ್ನಡವೋ ಉರ್ದುವೋ ಮರಾಠಿಯೋ ಲಂಬಾಣಿಯೋ, ಬಾಯಿಬಿಟ್ಟು ಹೇಳಬೇಕು: 'ಅವ್ವಾ, ನಾ ಇನ್ನಾ ಕಲೀಲತ್ತೀನಿ. ನನ್ನ ಮ್ಯಾಲೆ ಒಬ್ರು ಇದ್ದಾರ. ನಿಮ್ಮ ಹೆಸರ ಹೇಳಂಗಿಲ್ಲ, ನಿಮ್ಮ ಸಂಕಟ ಅವರಿಗಿ ಹೇಳಿ ಕೇಳ್ತೀನಿ. ಬ್ಯಾಡಂದ್ರ ಬ್ಯಾಡ.' ಬೇಡ ಎಂದ ಮಾತ್ರಕ್ಕೆ ಆಕೆಗೆ ಚಿಕಿತ್ಸೆ ತಪ್ಪಬಾರದು. ಆಕೆಯ ದನಿ ಮುದ್ರಿಸಿಕೊಂಡರೆ ಅದನ್ನು ಎಲ್ಲಿಡುತ್ತಾರೆ, ಯಾವಾಗ ಅಳಿಸುತ್ತಾರೆ ಎಂಬುದೂ ಆಕೆಗೆ ಗೊತ್ತಿರಬೇಕು. ಇನ್ನೊಂದು, ನಡುರಾತ್ರಿ ಆಕೆ ಬಾವಿಯ ಕಡೆ ನಡೆದರೆ ಹಿಂದೆ ಓಡುವವರು ಯಾರು? ಬೆಂಗಳೂರಿನ ಗುರು ಓಡಲಾರರು. ಓಣಿಯ ಆಶಾ ಕಾರ್ಯಕರ್ತೆಯೋ, ನೆರೆಮನೆಯ ಸೋದರತ್ತೆಯೋ ಓಡಬೇಕು. ಅವರ ಹೆಸರು, ಫೋನ್ ನಂಬರು ಗುರುವಿನ ಮೇಜಿನ ಮೇಲೆ ಮೊದಲೇ ಇರಬೇಕು.

ಕೊನೆಗೆ ಜಾಗದ ಮಾತು. ಕೇರಿಯಲ್ಲಿ ಬಾಗಿಲು ಹಾಕಿಕೊಂಡು ಒಂದು ತಾಸು ಇಬ್ಬರೇ ಕೂರುವ ಕೋಣೆ ಎಷ್ಟು ಮನೆಯಲ್ಲಿದೆ? ಒಂದೇ ಖೋಲಿ. ಅಲ್ಲೇ ಒಲೆ, ಅಲ್ಲೇ ಮುದುಕನ ಹಾಸಿಗೆ, ಅಲ್ಲೇ ಮಕ್ಕಳ ಓದು. ಹೆಣ್ಣುಮಗಳು ಗಂಡನ ಮಾತು ಎತ್ತಿದರೆ ಗೋಡೆಯಾಚೆ ಅತ್ತೆಗೆ ಕೇಳುತ್ತದೆ. ಸಂಜೆ ಶಿಷ್ಯೆ ಫೋನು ಹಿಡಿದು ಗುರುವಿಗೆ ವರದಿ ಒಪ್ಪಿಸಲು ಕೂತರೆ ಅದು ಇಡೀ ಓಣಿಗೆ ಕೇಳುತ್ತದೆ. ಈ ಪತ್ರಿಕೆ ಓದುವವರಲ್ಲಿ ಹಳ್ಳಿಯ ಶಾಲೆಯ ಮಾಸ್ತರರು, ಅಕ್ಕೋರು ಬಹಳ ಜನರಿದ್ದೀರಿ. ರವಿವಾರ ನಿಮ್ಮ ಶಾಲೆ ಖಾಲಿ ಇರುತ್ತದೆ. ಕೀಲಿಕೈ ನಿಮ್ಮ ಹತ್ತಿರವೋ ಮುಖ್ಯ ಗುರುಗಳ ಹತ್ತಿರವೋ ಇರುತ್ತದೆ. ಎಸ್.ಡಿ.ಎಂ.ಸಿ.ಯವರನ್ನು ಕೇಳಿ ಒಂದು ಕೋಣೆ ತೆಗೆಸಿಕೊಡಲು ಆಗುತ್ತದೆಯೇ ನೋಡಿ. ಎರಡು ಕುರ್ಚಿ, ಒಂದು ಬಿಂದಿಗೆ ನೀರು, ಒಳಗಿನಿಂದ ಹಾಕಿಕೊಳ್ಳುವ ಅಗಳಿ. ಕುರ್ಚಿಗಳೆರಡೂ ಒಂದೇ ಎತ್ತರದವಿರಲಿ.